ಸಾರಥಿಯಿಲ್ಲದ ರಥ: ಹೊಣೆ ಯಾರದು?

ಕನ್ನಡ ಶಾಲೆಗಳ ಸ್ಥಿತಿ, ಗಡಿಯ ತಕರಾರು, ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ನಾಲಿಗೆಯಿಂದ ಮೆಲ್ಲನೆ ಜಾರುತ್ತಿರುವ ತಾಯ್ನುಡಿ, ಇವು ಈ ಪುಟದಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ಸಂಗತಿಗಳು. ಈ ಸಂಚಿಕೆಯಲ್ಲಿ ಮೋಟಾರು ಕಾರಿನ ವಿಚಾರವನ್ನು ಎತ್ತಿಕೊಂಡಿರುವುದು ಕೆಲವು ಓದುಗರಿಗೆ ಸೋಜಿಗವೆನಿಸಬಹುದು. ಆದರೆ ಕಳೆದ ಒಂದೆರಡು ವರ್ಷಗಳಿಂದ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮವರು ಸೇರಿದಲ್ಲೆಲ್ಲ, ಸಭೆ ಮುಗಿದು ಕಾಫಿಯ ಲೋಟ ಕೈಗೆ ಬರುವ ಹೊತ್ತಿಗೆ, ತಾನಾಗಿ ಬ್ರೇಕು ಹಾಕುವ, ತಾನಾಗಿ ಸ್ಟೀರಿಂಗ್ ತಿರುಗಿಸುವ ಕಾರುಗಳ ಮಾತು ಬಾರದೆ ಇರುವುದಿಲ್ಲ. ಒಬ್ಬರಿಗೆ ಅದು ಬೆರಗು, ಇನ್ನೊಬ್ಬರಿಗೆ ಕಿರಿಕಿರಿ, ಬಾಡಿಗೆ ಕಾರು ಓಡಿಸಿ ಸಂಸಾರ ತೂಗಿಸುವವರಿಗೆ ಮುಂದೇನೆಂಬ ಆತಂಕ. ಈ ಮಾತುಗಳನ್ನೆಲ್ಲ ಕೇಳುತ್ತ ಹೋದಂತೆ, ಇದು ಕೇವಲ ಯಂತ್ರಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲವೆಂದು ನನಗೆ ಮನವರಿಕೆಯಾಗಿದೆ. ದುಡಿಮೆಯ ಘನತೆ, ಕಾನೂನಿನ ಹೊಣೆ, ಬಳಸುವವನ ಭಾಷೆ ಈ ಮೂರೂ ಇದರಲ್ಲಿ ಹೆಣೆದುಕೊಂಡಿವೆ.

ಯಂತ್ರವೇ ವಾಹನ ನಡೆಸಬೇಕೆಂಬ ಕನಸು ಹಳೆಯದು. 1995ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯೇಗೋ ನಗರದವರೆಗೆ ಸುಮಾರು 4,500 ಕಿ.ಮೀ. ಕ್ರಮಿಸಿದಾಗ, ದಾರಿಯ ನೂರಕ್ಕೆ 98 ಪಾಲಿನಲ್ಲಿ ಸ್ಟೀರಿಂಗ್ ತಿರುಗಿಸಿದ್ದು ಗಣಕಯಂತ್ರ. ವೇಗ ಮತ್ತು ಬ್ರೇಕು ಮಾತ್ರ ಮನುಷ್ಯರ ಕೈಯಲ್ಲಿದ್ದವು. 2004ರಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆಯು ಮರುಭೂಮಿಯಲ್ಲಿ ಚಾಲಕರಹಿತ ವಾಹನಗಳ ಸ್ಪರ್ಧೆ ಏರ್ಪಡಿಸಿದಾಗ ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಕೂಡ 12 ಕಿ.ಮೀ. ದಾಟಲಿಲ್ಲ. ಮರುವರ್ಷವೇ ಐದು ವಾಹನಗಳು 212 ಕಿ.ಮೀ. ದಾರಿಯನ್ನು ಮುಗಿಸಿದವು. 2020ರ ಅಕ್ಟೋಬರ್‌ನಿಂದ ಗೂಗಲ್ ಬಳಗದ ವೇಮೋ ಕಂಪನಿಯು ಫೀನಿಕ್ಸ್ ನಗರದಲ್ಲಿ ಚಾಲಕನೇ ಇಲ್ಲದ ಬಾಡಿಗೆ ಕಾರುಗಳನ್ನು ಜನಸಾಮಾನ್ಯರಿಗೆ ತೆರೆಯಿತು. ನಮ್ಮ ಬೆಂಗಳೂರು ಕೂಡ ಹಿಂದೆ ಬಿದ್ದಿಲ್ಲ. 2025ರ ಅಕ್ಟೋಬರ್‌ನಲ್ಲಿ ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಕೂಡಿ ರೂಪಿಸಿದ ಚಾಲಕರಹಿತ ಕಾರು, ಕಾಲೇಜಿನ ಆವರಣದಲ್ಲಿ ಮಠಾಧೀಶರೊಬ್ಬರನ್ನು ಕೂರಿಸಿಕೊಂಡು ಸುತ್ತಿದ ದೃಶ್ಯವನ್ನು ಓದುಗರಲ್ಲಿ ಹಲವರು ನೋಡಿರಬಹುದು.

ಇಲ್ಲಿ ಒಂದು ವಿಂಗಡಣೆಯನ್ನು ನೆನಪಿನಲ್ಲಿಡಬೇಕು. ವಾಹನ ತಂತ್ರಜ್ಞರ ಅಂತರರಾಷ್ಟ್ರೀಯ ಸಂಸ್ಥೆಯು 2014ರಲ್ಲಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳನ್ನು ಗೊತ್ತುಪಡಿಸಿತು. ಎರಡನೆಯ ಹಂತದಲ್ಲಿ ಸ್ಟೀರಿಂಗ್ ಮತ್ತು ವೇಗ ಎರಡನ್ನೂ ಯಂತ್ರ ನೋಡಿಕೊಳ್ಳುತ್ತದೆ. ಆದರೆ ರಸ್ತೆಯನ್ನು ನೋಡುತ್ತಿರಬೇಕಾದವನು ಮನುಷ್ಯ. ಮೂರನೆಯ ಹಂತದಿಂದ ಮೇಲೆ ನೋಡುವ ಕೆಲಸವೂ ಯಂತ್ರದ್ದಾಗುತ್ತದೆ. 2021ರಲ್ಲಿ ಮಹೀಂದ್ರಾ ಕಂಪನಿಯ ಎಕ್ಸ್‌ಯುವಿ 700 ಬಂದ ಮೇಲೆ ನಮ್ಮ ಮಧ್ಯಮ ವರ್ಗದ ಕೈಗೆಟುಕಿದ್ದು, ಆಮೇಲೆ ಇತರ ಕಂಪನಿಗಳೂ ಅನುಸರಿಸಿದ್ದು, ಈ ಎರಡನೆಯ ಹಂತದ ಚಾಲಕ ಸಹಾಯಕ ವ್ಯವಸ್ಥೆಯನ್ನೇ. ಕನ್ನಡಿಯ ಹಿಂದೊಂದು ಕ್ಯಾಮೆರಾ, ಮುಂಭಾಗದಲ್ಲೊಂದು ರಾಡಾರ್, ಅವೆರಡೂ ಕಂಡದ್ದನ್ನು ಅರ್ಥೈಸುವ ತಂತ್ರಾಂಶ, ಇಷ್ಟೇ ಅದರ ಬಂಡವಾಳ. ಅಂಗಡಿಯಲ್ಲಿ ಮಾರುವಾಗ 'ಸ್ವಯಂಚಾಲಿತ' ಎಂಬ ಮಾತು ದೊಡ್ಡದಾಗಿ ಕೇಳಿಸುತ್ತದೆ. 'ಸಹಾಯಕ' ಎಂಬ ಮಾತು ಕೈಪಿಡಿಯ ಒಳಪುಟಗಳಲ್ಲಿ ಉಳಿದುಬಿಡುತ್ತದೆ.

ಈ ಬರಹಕ್ಕಾಗಿ ಇಂಥ ಕಾರು ಓಡಿಸುವ ನಮ್ಮ ಕೆಲವು ಸದಸ್ಯರೊಡನೆ ಮಾತನಾಡಿದೆ. ಸಹೋದ್ಯೋಗಿಯೊಬ್ಬರ ಕಾರನ್ನು ಎರಡು ಭಾನುವಾರ ನಾನೇ ಓಡಿಸಿಯೂ ನೋಡಿದೆ. ವಾಶಿಯಿಂದ ಬೇಲಾಪುರದ ಕಡೆಗೆ ಪಾಮ್ ಬೀಚ್ ರಸ್ತೆಯಲ್ಲಿ ಬೆಳಗಿನ ಆರೂವರೆಗೆ ಹೊರಟರೆ ಈ ವ್ಯವಸ್ಥೆಯ ಗುಣಗಳೆಲ್ಲ ಎದ್ದು ಕಾಣುತ್ತವೆ. ಬಿಳಿಗೆರೆಗಳು ಸ್ಪಷ್ಟವಾಗಿವೆ, ರಸ್ತೆ ಅಗಲವಾಗಿದೆ. ಮುಂದಿನ ವಾಹನ ನಿಧಾನಿಸಿದರೆ ಕಾರು ನಿಧಾನಿಸುತ್ತದೆ, ಅದು ಹೊರಟರೆ ಇದೂ ಹೊರಡುತ್ತದೆ. ಭಿವಂಡಿಯ ಬಳಿಯ ಆಮಣೆಯಿಂದ ಇಗತ್‌ಪುರಿಯವರೆಗಿನ 76 ಕಿ.ಮೀ. ಭಾಗ 2025ರ ಜೂನ್ 5ರಂದು ತೆರೆದ ಮೇಲೆ ನಾಗಪುರದವರೆಗೆ 701 ಕಿ.ಮೀ. ಉದ್ದಕ್ಕೂ ಪೂರ್ಣಗೊಂಡ ಸಮೃದ್ಧಿ ಮಹಾಮಾರ್ಗದಲ್ಲಂತೂ ಈ ಯಂತ್ರಕ್ಕೆ ತವರಿಗೆ ಬಂದಷ್ಟು ಸಲೀಸು. ಅಡ್ಡರಸ್ತೆಯಿಲ್ಲ, ಎದುರಿನಿಂದ ವಾಹನ ಬರುವಂತಿಲ್ಲ, ರಿಕ್ಷಾ, ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಬೆನ್ನುನೋವಿನಿಂದ ಬಳಲುವ ನನ್ನ ವಯಸ್ಸಿನವರಿಗೆ ಇದು ನಿಜವಾದ ಉಪಕಾರವೆಂಬುದನ್ನು ಒಪ್ಪಬೇಕು. ಹಿಂದಿನಿಂದ ಬಂದು ಗುದ್ದುವ ಅಪಘಾತಗಳನ್ನು ತಾನಾಗಿ ಬೀಳುವ ಬ್ರೇಕು ಕಡಿಮೆ ಮಾಡುತ್ತದೆ ಎಂಬುದರಲ್ಲಿಯೂ ಸಂದೇಹವಿಲ್ಲ.

ಅದೇ ಕಾರನ್ನು ಕಲ್ಯಾಣ–ಶಿಲ್‌ಫಾಟಾ ರಸ್ತೆಗೆ ತಂದರೆ ಚಿತ್ರವೇ ಬೇರೆ. ಮೆಟ್ರೋ ಕಾಮಗಾರಿಗಾಗಿ ರಸ್ತೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿಸಿದ್ದಾರೆ; ಹಳೆಯ ಗೆರೆ ಅಳಿದಿಲ್ಲ, ಹೊಸ ಗೆರೆ ಪೂರ್ತಿ ಬಿದ್ದಿಲ್ಲ. ಯಂತ್ರ ಹಳೆಯ ಗೆರೆಯನ್ನು ನಂಬಿ ಸ್ಟೀರಿಂಗನ್ನು ತಗಡಿನ ಅಡ್ಡಗೋಡೆಯ ಕಡೆಗೆ ಮೆಲ್ಲನೆ ಎಳೆಯುತ್ತದೆ, ನಾವು ಇತ್ತ ಎಳೆಯಬೇಕು. ಮುಂದಿನ ವಾಹನಕ್ಕೂ ತನಗೂ ನಡುವೆ ಅದು ಶಾಸ್ತ್ರೋಕ್ತವಾಗಿ ಬಿಡುವ ಜಾಗಕ್ಕೆ ರಿಕ್ಷಾ ಬಂದು ಸೇರುತ್ತದೆ. ಮತ್ತೆ ಜಾಗ ಬಿಟ್ಟರೆ ಮತ್ತೊಂದು ಬೈಕು. ಹೀಗೆ ಹಿಂದೆ ಹಿಂದೆ ಸರಿಯುತ್ತ ಕಾಟಯ್ ನಾಕಾ ಬರುವಷ್ಟರಲ್ಲಿ ನಮ್ಮ ಬೆನ್ನಿಗಿರುವ ಟ್ಯಾಂಕರಿನವನ ಹಾರ್ನು ತಾರಕಕ್ಕೇರಿರುತ್ತದೆ. ಮಳೆಗಾಲದಲ್ಲಿ ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಕ್ಯಾಮೆರಾದ ಮುಂದೆ ನೀರಿನ ಪರದೆ ಬಿದ್ದರೆ ಸೌಲಭ್ಯ ತಾತ್ಕಾಲಿಕವಾಗಿ ಲಭ್ಯವಿಲ್ಲವೆಂಬ ಸೂಚನೆ ಬರುತ್ತದೆ. ಸಹಾಯ ಹೆಚ್ಚು ಬೇಕಾದ ಗಳಿಗೆಯಲ್ಲಿಯೇ ಸಹಾಯಕ ರಜೆಯ ಮೇಲೆ ಹೋಗುತ್ತಾನೆ. ಡೊಂಬಿವಲಿ ನಿಲ್ದಾಣದ ಹೊರಗೆ ಸಂಜೆ ಏಳರ ಲೋಕಲ್ ಇಳಿದ ಜನ ಅಂಗೈ ಮೇಲೆತ್ತಿ, ಚಾಲಕನ ಕಣ್ಣಲ್ಲಿ ಕಣ್ಣಿಟ್ಟು ರಸ್ತೆ ದಾಟುತ್ತಾರೆ. ಆ ಎತ್ತಿದ ಕೈಗೆ 'ಸ್ವಲ್ಪ ತಡೆಯಪ್ಪ' ಎಂಬ ಅರ್ಥವಿದೆಯೆಂದು ನಮಗೆ ಯಾರೂ ಕಲಿಸಿಕೊಟ್ಟಿಲ್ಲ. ಯಂತ್ರಕ್ಕೆ ಕಲಿಸಬೇಕಾಗುತ್ತದೆ.

ನಮ್ಮ ಸದಸ್ಯರ ಅನುಭವಗಳೂ ಹೀಗೆಯೇ ಎರಡು ತುದಿಗಳಲ್ಲಿವೆ. ಐರೋಲಿಯ ಕಚೇರಿಯೊಂದರಲ್ಲಿ ಸ್ವತಃ ತಂತ್ರಾಂಶ ಬರೆಯುವ ತರುಣರೊಬ್ಬರು ಊರಾದ ಧಾರವಾಡಕ್ಕೆ ಹೋಗುವಾಗ ಪುಣೆ ದಾಟುವವರೆಗೆ ಇದನ್ನು ಬಳಸುತ್ತಾರಂತೆ, ಪೇಟೆಯೊಳಗೆ ಎಲ್ಲವನ್ನೂ ಆರಿಸಿಬಿಡುತ್ತಾರಂತೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾವಮೈದುನ ತಿಂಗಳ ಶುಲ್ಕ ಕಟ್ಟಿ ಇನ್ನೂ ಮುಂದುವರಿದ ತಂತ್ರಾಂಶವೊಂದನ್ನು ಬಳಸಿ ನೋಡಿದವನು. ಮನೆಯ ಗೇಟಿನಿಂದ ಕಚೇರಿಯ ಗೇಟಿನವರೆಗೆ ಅದೇ ಕರೆದೊಯ್ಯುತ್ತದೆ. ಅವನು ದೂರವಾಣಿಯಲ್ಲಿ ಹೇಳಿದ ಮಾತು ನನ್ನ ನೆನಪಿನಲ್ಲಿ ಉಳಿದಿದೆ: "ಭಾವ, ಮೊದಲ ವಾರ ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ. ಮೂರನೆಯ ವಾರದ ಹೊತ್ತಿಗೆ ಅದು ಎಷ್ಟು ಚೆನ್ನಾಗಿ ಓಡಿಸಿತು ಅಂದರೆ, ನಾನು ನೋಡುವುದನ್ನೇ ಬಿಟ್ಟಿದ್ದೆ. ಅದು ಕೆಟ್ಟದಾಗಿ ಓಡಿಸಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ." ಡೊಂಬಿವಲಿಯಲ್ಲಿ ಬೇರೆಯವರ ಕಾರು ಓಡಿಸಿ ಜೀವನ ಸಾಗಿಸುವ ಇಂಡಿ ತಾಲ್ಲೂಕಿನ ಚಾಲಕರೊಬ್ಬರು ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ನೋಡಿದ್ದಾರೆ: "ಇದು ಬಾಜೂಕ ಕುಂತು ಸುಮ್ನ ಇರದ ಮಾಲಕ ಇದ್ದಂಗ ಐತ್ರಿ ಸರ್. ಅಂವಾ ಒಮ್ಮೆ ಬ್ರೇಕ್ ಒತ್ತತಾನ, ನಾ ಒಮ್ಮೆ ಒತ್ತತೀನಿ. ಗಾಡಿ ಎಲ್ಲರ ತಾಗಿದ್ರ ಬೈಗುಳ ಮಾತ್ರ ನನಗ ಒಬ್ಬಾವ್ಗ."

ಈ ಎರಡು ಮಾತುಗಳಲ್ಲಿ ಇಡೀ ಸಮಸ್ಯೆ ಅಡಗಿದೆ. ಅದನ್ನು ಬಿಡಿಸಿ ನೋಡುವ ಮೊದಲು, ಯಂತ್ರಕ್ಕೆ ನಮ್ಮ ರಸ್ತೆ ಏಕೆ ಅರ್ಥವಾಗುವುದಿಲ್ಲವೆಂಬುದನ್ನು ತಿಳಿಯಬೇಕು. ಯಂತ್ರ ಕಲಿಯುವುದು ಚಿತ್ರಗಳಿಂದ. ಸಾವಿರಾರು ಛಾಯಾಚಿತ್ರಗಳಲ್ಲಿ ಇದು ರಸ್ತೆ, ಇದು ಕಾರು, ಇದು ಮನುಷ್ಯ ಎಂದು ಮನುಷ್ಯರೇ ಗೆರೆ ಎಳೆದು ಹೆಸರು ಬರೆದುಕೊಡಬೇಕು. ಈ ಕೆಲಸದ ಬಹುಪಾಲು ನಮ್ಮಂಥ ದೇಶಗಳ ಯುವಕ ಯುವತಿಯರು ಕಡಿಮೆ ಸಂಬಳಕ್ಕೆ ಮಾಡಿಕೊಡುವ ದುಡಿಮೆಯೇ ಆಗಿದೆ. 2016ರಲ್ಲಿ ಪ್ರಕಟವಾಗಿ ಜಗತ್ತಿನ ಸಂಶೋಧಕರೆಲ್ಲ ಬಳಸಿದ 'ಸಿಟಿಸ್ಕೇಪ್ಸ್' ಎಂಬ ಚಿತ್ರಸಂಗ್ರಹ ಬಂದದ್ದು 50 ನಗರಗಳಿಂದ. ಅವು ಹೆಚ್ಚಾಗಿ ಜರ್ಮನಿಯವು. ಅಲ್ಲಿ ರಸ್ತೆ ಎಲ್ಲಿ ಮುಗಿಯುತ್ತದೆ, ಕಾಲುದಾರಿ ಎಲ್ಲಿ ಆರಂಭವಾಗುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಇದನ್ನು ಕಂಡು ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳಲ್ಲಿ 182 ಪ್ರಯಾಣಗಳಿಂದ ಆರಿಸಿದ 10,000 ಚಿತ್ರಗಳ ಭಾರತೀಯ ಸಂಗ್ರಹವೊಂದನ್ನು 2018–19ರಲ್ಲಿ ಹೊರತಂದರು. ಅವರು ಗುರುತಿಸಿದ 34 ವರ್ಗಗಳಲ್ಲಿ ಆಟೋರಿಕ್ಷಾಗೆ ಒಂದು ಪ್ರತ್ಯೇಕ ಹೆಸರು ಸಿಕ್ಕಿತು, ಪ್ರಾಣಿಗಳಿಗೂ ಸಿಕ್ಕಿತು. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಯಾವ ಹೆಸರಿಗೂ ಹೊಂದದ ವಾಹನಗಳಿಗಾಗಿ, ಡಾಂಬರಿನ ಅಂಚಿನಲ್ಲಿದ್ದು ಓಡಿಸಿದರೆ ಓಡಿಸಬಹುದಾದ ಮಣ್ಣುನೆಲಕ್ಕಾಗಿ ಬೇರೆಯೇ ವರ್ಗಗಳನ್ನು ಮಾಡಬೇಕಾಯಿತು. ರಸ್ತೆ ಯಾವುದು, ರಸ್ತೆಯಲ್ಲದ್ದು ಯಾವುದು ಎಂಬ ಪ್ರಶ್ನೆಗೆ ನಮ್ಮಲ್ಲಿ ಖಚಿತವಾದ ಉತ್ತರವಿಲ್ಲವೆಂದು ವಿಜ್ಞಾನಿಗಳೇ ಬರೆದಿಟ್ಟಂತಾಯಿತು.

ಆ ಖಚಿತವಲ್ಲದ ಅಂಚಿನ ಮೇಲೆಯೇ ನಮ್ಮ ಜನ ನಿಂತಿರುತ್ತಾರೆ. ಬೆಳಗಾಗುವ ಮೊದಲೇ ಈ ಊರುಗಳ ನಾಕಾಗಳಲ್ಲಿ ಬುತ್ತಿ ಹಿಡಿದು ಕೂಲಿಗೆ ಕಾಯುವ ಕಲಬುರ್ಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಗಂಡಸರು ಹೆಂಗಸರು ನಿಲ್ಲುವುದು ಅಲ್ಲಿ; ಅವರಿಗೆಂದು ಕಾಲುದಾರಿ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44.5ರಷ್ಟು ದ್ವಿಚಕ್ರ ವಾಹನದವರು, 19.5ರಷ್ಟು ಪಾದಚಾರಿಗಳು. ಅಂದರೆ ಸತ್ತ ಮೂವರಲ್ಲಿ ಇಬ್ಬರು ಕಾರಿನ ಹೊರಗಿನವರು. ಕಾರಿನ ಒಳಗಿರುವವನ ಸುಖಕ್ಕಾಗಿ ಮಾರಾಟವಾಗುವ ತಂತ್ರಾಂಶದ ನಿಜವಾದ ಪರೀಕ್ಷೆ ನಡೆಯುವುದು ಹೊರಗಿರುವವನ ಮೈಮೇಲೆ. ಆತ ಆ ಕಾರನ್ನು ಕೊಂಡಿಲ್ಲ, ಯಾವ ಷರತ್ತಿಗೂ ಒಪ್ಪಿಗೆಯ ಗುರುತು ಹಾಕಿಲ್ಲ.

ಈ ಮಾತು ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಅಮೆರಿಕದ ಒಂದು ಪ್ರಕರಣವೇ ಸಾಕು. 2018ರ ಮಾರ್ಚ್ 18ರ ರಾತ್ರಿ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ 49 ವರ್ಷದ ಎಲೇನ್ ಹರ್ಜ್‌ಬರ್ಗ್ ಎಂಬ ಮಹಿಳೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಾಗ ಉಬರ್ ಕಂಪನಿಯ ಪ್ರಯೋಗದ ಕಾರು ಬಡಿದು ಅವರು ಮೃತಪಟ್ಟರು. ಚಾಲಕರಹಿತ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಅವರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ಮುಗಿಸಿದ ತನಿಖೆಯ ಪ್ರಕಾರ, ಬಡಿಯುವುದಕ್ಕೆ 5.6 ಸೆಕೆಂಡು ಮೊದಲೇ ಯಂತ್ರ ಅವರನ್ನು ಕಂಡಿತ್ತು. ಆದರೆ ಅದನ್ನು ಒಮ್ಮೆ ವಾಹನವೆಂದು, ಒಮ್ಮೆ ಯಾವುದೋ ವಸ್ತುವೆಂದು, ಒಮ್ಮೆ ಸೈಕಲ್ಲೆಂದು ಭಾವಿಸುತ್ತ ಕಾಲ ಕಳೆಯಿತು. ಗುರುತಿಸಿದ ಪಟ್ಟೆಯಲ್ಲದ ಕಡೆ ರಸ್ತೆ ದಾಟುವ ಮನುಷ್ಯರು ಇರಬಹುದೆಂಬ ಕಲ್ಪನೆಯೇ ಆ ತಂತ್ರಾಂಶದ ರಚನೆಯಲ್ಲಿರಲಿಲ್ಲ. ಹಾಗೆ ದಾಟುವವರೇ ಹೆಚ್ಚಾಗಿರುವ ನಮ್ಮ ಊರುಗಳನ್ನು ಓದುಗರು ಈಗ ಒಮ್ಮೆ ನೆನೆಯಲಿ. ಕಾರಿನಲ್ಲಿ ಮೇಲ್ವಿಚಾರಣೆಗೆಂದು ಕುಳಿತಿದ್ದ ನೌಕರಳು ಆ ಹೊತ್ತಿನಲ್ಲಿ ಫೋನಿನಲ್ಲಿ ದೂರದರ್ಶನ ಕಾರ್ಯಕ್ರಮ ನೋಡುತ್ತಿದ್ದಳೆಂಬುದೂ ತನಿಖೆಯಲ್ಲಿ ಹೊರಬಂತು. ಮುಂದೆ ಏನಾಯಿತು? ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಆಧಾರವಿಲ್ಲವೆಂದು 2019ರಲ್ಲಿಯೇ ತೀರ್ಮಾನವಾಯಿತು. ನೌಕರಳು 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ನಿಗಾವಣೆಯ ಶಿಕ್ಷೆ ಪಡೆದಳು. ಇಂಡಿ ತಾಲ್ಲೂಕಿನ ನಮ್ಮ ಚಾಲಕರು ಈ ಪ್ರಕರಣವನ್ನು ಓದಿದವರಲ್ಲ. ಆದರೆ ಬೈಗುಳ ಯಾರಿಗೆ ಬೀಳುತ್ತದೆಂಬುದು ಅವರಿಗೆ ಮೊದಲೇ ತಿಳಿದಿತ್ತು.

ನೌಕರಳ ಅಲಕ್ಷ್ಯವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಮನುಷ್ಯನ ಮನಸ್ಸಿನ ಸ್ವಭಾವವನ್ನು ಅರಿತವರು ಇಂಥದನ್ನು ಬಹಳ ಹಿಂದೆಯೇ ಎಚ್ಚರಿಸಿದ್ದರು. 1983ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ ಸ್ವಯಂಚಾಲನದ ವಿಪರ್ಯಾಸಗಳ ಬಗ್ಗೆ ಒಂದು ಲೇಖನ ಬರೆದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ, ಯಂತ್ರ ಸೋತಾಗ ಮಾತ್ರ ಮನುಷ್ಯನನ್ನು ಕರೆದರೆ, ಅಭ್ಯಾಸ ತಪ್ಪಿದ ಕೈಗೆ ಅತ್ಯಂತ ಕಠಿಣವಾದ ಗಳಿಗೆಯನ್ನು ಒಪ್ಪಿಸಿದಂತಾಗುತ್ತದೆ ಎಂಬುದು ಅವರ ವಾದದ ತಿರುಳು. ನನ್ನ ಭಾವಮೈದುನನ ಮೂರನೆಯ ವಾರದ ಅನುಭವ ಇದಕ್ಕೆ ಸಾಕ್ಷಿ. ರಾತ್ರಿಯಿಡೀ ಏನೂ ನಡೆಯದ ಗೋದಾಮಿನ ಕಾವಲುಗಾರ ನಿದ್ದೆ ಹೋದರೆ ಬೈಯುವ ನಾವು, ಲಕ್ಷಾಂತರ ಜನರನ್ನು ಅಂಥದೇ ಕಾವಲಿಗೆ, ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಕೂರಿಸುತ್ತಿದ್ದೇವೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ತನಿಖೆಯ ನಂತರ ಟೆಸ್ಲಾ ಕಂಪನಿ 20 ಲಕ್ಷಕ್ಕೂ ಹೆಚ್ಚು ಕಾರುಗಳ ತಂತ್ರಾಂಶವನ್ನು ತಿದ್ದಬೇಕಾಗಿ ಬಂದದ್ದೂ ಚಾಲಕ ಎಚ್ಚರವಾಗಿದ್ದಾನೆಯೇ ಎಂದು ಗಮನಿಸುವ ಏರ್ಪಾಡು ಸಾಲದೆಂಬ ಕಾರಣಕ್ಕೇ. ಅದೇ ಕಂಪನಿ ತನ್ನ 'ಫುಲ್ ಸೆಲ್ಫ್ ಡ್ರೈವಿಂಗ್' ಎಂಬ ಹೆಸರಿನ ಪಕ್ಕದಲ್ಲಿ 'ಮೇಲ್ವಿಚಾರಣೆಯೊಡನೆ' ಎಂಬ ಅರ್ಥದ ಪದವನ್ನು ಸೇರಿಸಿದ್ದು 2024ರಲ್ಲಿ. 2025ರ ಜುಲೈನಲ್ಲಿ ಮುಂಬಯಿಯಲ್ಲಿ ಅಂಗಡಿ ತೆರೆದಾಗ ಈ ಸೌಲಭ್ಯಕ್ಕೆ ಆರು ಲಕ್ಷ ರೂಪಾಯಿ ಬೆಲೆ ಹೇಳಲಾಯಿತು. ಆಗ ಅದು ಭಾರತದ ರಸ್ತೆಗಳಲ್ಲಿ ಚಾಲ್ತಿಗೇ ಬಂದಿರಲಿಲ್ಲ.

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂರು ದಶಕಗಳಿಂದ ಕಡತಗಳ ನಡುವೆ ಬದುಕಿದವನು ನಾನು. ನಮ್ಮ ಕಡತಗಳ ವಿಳಂಬವನ್ನು ಜನ ಹಾಸ್ಯ ಮಾಡುತ್ತಾರೆ, ಅದು ನ್ಯಾಯವೂ ಹೌದು. ಆದರೆ ಅವುಗಳಲ್ಲಿ ಒಂದು ಗುಣವಿದೆ. ಯಾರು ಏನು ಸೂಚಿಸಿದರು, ಯಾರು ಒಪ್ಪಿದರು ಎಂಬುದಕ್ಕೆ ಪುಟಪುಟಕ್ಕೂ ಸಹಿ ಮತ್ತು ದಿನಾಂಕ ಇರುತ್ತದೆ. ಇಪ್ಪತ್ತು ವರ್ಷಗಳ ನಂತರ ಕೂಡ ಹೊಣೆಯನ್ನು ಹುಡುಕಿ ತೆಗೆಯಬಹುದು. ಬ್ರೇಕು ಹಾಕಬೇಕೋ ಬೇಡವೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವ ತಂತ್ರಾಂಶದ ಕೆಳಗೆ ಯಾರ ಸಹಿಯೂ ಇಲ್ಲ. ಅಪಘಾತವಾದ ಮೇಲೆ ಆ ಗಳಿಗೆಯ ದಾಖಲೆ ಕಂಪನಿಯ ಗಣಕಯಂತ್ರದಲ್ಲಿರುತ್ತದೆ, ಲಾಠಿ ಹಿಡಿದ ಹವಾಲ್ದಾರರ ಎದುರಿಗೆ ಚಾಲಕ ಒಬ್ಬನೇ ಇರುತ್ತಾನೆ.

ಇತರ ದೇಶಗಳಲ್ಲಿ ಈ ಶೂನ್ಯವನ್ನು ತುಂಬುವ ಪ್ರಯತ್ನ ನಡೆದಿದೆ. ಬ್ರಿಟನ್ 2024ರ ಮೇ ತಿಂಗಳಲ್ಲಿ ಸ್ವಯಂಚಾಲಿತ ವಾಹನಗಳ ಕಾಯಿದೆಯನ್ನು ತಂದಿತು. ಅಧಿಕೃತವಾಗಿ ಸ್ವಯಂಚಾಲಿತವೆಂದು ಒಪ್ಪಿದ ವಾಹನವನ್ನು ಯಂತ್ರವೇ ಓಡಿಸುತ್ತಿದ್ದಾಗ ನಡೆಯುವ ತಪ್ಪಿಗೆ ಕುಳಿತಿರುವ ವ್ಯಕ್ತಿಯನ್ನು ಶಿಕ್ಷಿಸುವಂತಿಲ್ಲ, ಅನುಮತಿ ಪಡೆದ ಸಂಸ್ಥೆಯೇ ಉತ್ತರಿಸಬೇಕು ಎಂಬ ತತ್ವ ಅದರಲ್ಲಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಮಯಾಮಿಯ ನ್ಯಾಯಾಲಯದಲ್ಲಿ ಜ್ಯೂರಿಯೊಂದು 2019ರ ಒಂದು ಅಪಘಾತದಲ್ಲಿ ನೂರಕ್ಕೆ 33 ಪಾಲು ಹೊಣೆಯನ್ನು ಟೆಸ್ಲಾ ಕಂಪನಿಯ ಮೇಲೆ ಹೊರಿಸಿ ಸುಮಾರು 24 ಕೋಟಿ ಡಾಲರ್ ಪರಿಹಾರ ವಿಧಿಸಿತು; ಉಳಿದ ಪಾಲು ಚಾಲಕನದು. ಅಂಕಿ ಏನೇ ಇರಲಿ, ಹೊಣೆಯನ್ನು ಹಂಚಬಹುದು ಎಂಬುದು ಅಲ್ಲಿ ಸಿದ್ಧವಾಯಿತು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ ಕೇಂದ್ರದಲ್ಲಿರುವವನು ಪರವಾನಗಿ ಪಡೆದ ಮನುಷ್ಯಚಾಲಕ. 2019ರ ತಿದ್ದುಪಡಿಯಲ್ಲಿ ಸೇರಿದ 2ಬಿ ಕಲಮು ಸಂಶೋಧನೆ ಮತ್ತು ಹೊಸ ಆವಿಷ್ಕಾರಗಳಿಗಾಗಿ ಕೆಲವು ವಾಹನಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಪ್ರಯೋಗಕ್ಕೆ ಬಾಗಿಲು ತೆರೆದಿದೆ, ಪ್ರಯೋಗದ ಫಲಕ್ಕೆ ಯಾರು ಬಾಧ್ಯರೆಂಬ ಅಧ್ಯಾಯ ಬರೆಯುವುದು ಬಾಕಿ ಇದೆ.

ಇನ್ನು ದುಡಿಮೆಯ ಪ್ರಶ್ನೆ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿ, ಮತ್ತೆ 2023ರ ಡಿಸೆಂಬರ್‌ನಲ್ಲಿ, ಚಾಲಕರಹಿತ ಕಾರುಗಳನ್ನು ಭಾರತಕ್ಕೆ ಬರಗೊಡುವುದಿಲ್ಲ, ಅವು ಚಾಲಕರ ಉದ್ಯೋಗವನ್ನು ಕಸಿಯುತ್ತವೆ ಎಂದು ಸಾರಿದ್ದಾರೆ. ಕಳಕಳಿ ಮೆಚ್ಚತಕ್ಕದ್ದೇ. ಆದರೆ ತಂತ್ರಜ್ಞಾನ ಹೆಬ್ಬಾಗಿಲಿನಿಂದ ಬರುವುದು ಕಡಿಮೆ. ಅದು ಒಂದೊಂದೇ ಉಪಕರಣವಾಗಿ ಹಿತ್ತಿಲಿನಿಂದ ಬರುತ್ತದೆ. 2025ರ ಮಾರ್ಚ್‌ನ ಕರಡು ಅಧಿಸೂಚನೆಯಲ್ಲಿ ದೊಡ್ಡ ಬಸ್ಸು ಲಾರಿಗಳಿಗೆ ತಾನಾಗಿ ಬೀಳುವ ಬ್ರೇಕು, ಪಥ ತಪ್ಪಿದರೆ ಎಚ್ಚರಿಕೆ, ಚಾಲಕ ತೂಕಡಿಸಿದರೆ ಎಚ್ಚರಿಕೆ ಇವುಗಳನ್ನು ಕಡ್ಡಾಯಗೊಳಿಸುವ ಪ್ರಸ್ತಾವವಿತ್ತು. ಇವು ಪ್ರಾಣ ಉಳಿಸುವ ಸಾಧನಗಳು, ಬರಲೇಬೇಕು. ಜೊತೆಗೆ ಚಾಲಕನ ಮುಖದ ಮೇಲೆ ಸದಾ ಒಂದು ಕ್ಯಾಮೆರಾವೂ ಬರುತ್ತದೆ. ಹುಬ್ಬಳ್ಳಿಯಿಂದ ವಾಶಿಯ ಮಾರುಕಟ್ಟೆಗೆ ರಾತ್ರಿಯಿಡೀ ಸರಕು ತರುವ ಲಾರಿ ಚಾಲಕ ತೂಕಡಿಸಿದನೆಂದು ಅದು ದಾಖಲಿಸುತ್ತದೆ. ಹದಿನಾರು ಗಂಟೆ ದುಡಿಸಿದ ಮಾಲೀಕನ ಹೆಸರು ಆ ದಾಖಲೆಯಲ್ಲಿ ಇರುವುದಿಲ್ಲ.

ಈ ಸಂದರ್ಭದಲ್ಲಿ ಮುಂಬಯಿ ಕನ್ನಡಿಗರಿಗೆ ತಮ್ಮದೇ ಇತಿಹಾಸದ ಒಂದು ಅಧ್ಯಾಯ ನೆನಪಿಗೆ ಬರಬೇಕು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳಲ್ಲಿ ದುಡಿದ ಹಿರಿಯರು ನಮ್ಮ ಸಂಘಗಳ ಬೆನ್ನೆಲುಬಾಗಿದ್ದವರು. ಎಂಬತ್ತರ ದಶಕದಲ್ಲಿ ಬ್ಯಾಂಕಿಗೆ ಗಣಕಯಂತ್ರ ಬರುವಾಗ ಲೆಡ್ಜರು ಬರೆಯುವವರ ಗತಿಯೇನೆಂದು ಇದೇ ಆತಂಕವಿತ್ತು. ಆಗ ನೌಕರರ ಸಂಘಟನೆಗಳು ಯಂತ್ರವನ್ನು ಒಡೆಯಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ. 1983 ಮತ್ತು 1987ರಲ್ಲಿ ಭಾರತೀಯ ಬ್ಯಾಂಕುಗಳ ಸಂಘದೊಡನೆ ಒಪ್ಪಂದ ಮಾಡಿಕೊಂಡು, ಎಷ್ಟು ಯಂತ್ರ, ಯಾವ ಕೆಲಸಕ್ಕೆ, ಅದನ್ನು ನಡೆಸುವವನಿಗೆ ಏನು ಭತ್ಯೆ ಎಂದು ಕಾಗದದ ಮೇಲೆ ಬರೆಸಿಕೊಂಡವು. ಬದಲಾವಣೆ ಬಂತು, ಅದು ಬರುವ ರೀತಿಯಲ್ಲಿ ದುಡಿಯುವವನ ಮಾತೂ ನಡೆಯಿತು. ಇಂದಿನ ಬಾಡಿಗೆ ಕಾರಿನ ಚಾಲಕನಿಗೆ ಅಂಥ ಮೇಜು ಎಲ್ಲಿದೆ? ಅವನ ಮಾಲೀಕ ಫೋನಿನೊಳಗಿನ ಒಂದು ಆ್ಯಪ್. ಅವನು ತಿರುಗಿದ ರಸ್ತೆಗಳ ಮಾಹಿತಿಯಿಂದಲೇ ನಾಳೆಯ ಯಂತ್ರ ಕಲಿಯಬಹುದು. ಆ ಕಲಿಕೆಗೆ ಅವನಿಗೆ ಗುರುದಕ್ಷಿಣೆಯೇನೂ ಸಲ್ಲುವುದಿಲ್ಲ.

ಕೊನೆಯದಾಗಿ ಭಾಷೆ. ನಾನು ಓಡಿಸಿದ ಕಾರಿನ ಕೈಪಿಡಿ ಇಂಗ್ಲಿಷಿನಲ್ಲಿತ್ತು, ಪರದೆಯ ಎಚ್ಚರಿಕೆಗಳೂ ಇಂಗ್ಲಿಷಿನಲ್ಲಿಯೇ. ಯಂತ್ರ ಯಾವಾಗ ಕೈಬಿಡುತ್ತದೆ, ಯಾವ ಸ್ಥಿತಿಯಲ್ಲಿ ಅದು ಕಾಣಲಾರದು ಎಂಬ ಮಹತ್ವದ ಮಾತುಗಳು ಅದರ ಹತ್ತಾರು ಪುಟಗಳಲ್ಲಿ ಹರಡಿದ್ದವು. ಸ್ನಾತಕೋತ್ತರ ಪದವೀಧರನಾದ ನನಗೆ ಅವುಗಳನ್ನು ಗ್ರಹಿಸಲು ಒಂದು ಸಂಜೆ ಹಿಡಿಯಿತು. ಮಾಲೀಕನ ಕಾರನ್ನು ಓಡಿಸುವ ಸಂಬಳದ ಚಾಲಕನಿಗೆ ಅವನ್ನು ಯಾರು ಓದಿ ಹೇಳುತ್ತಾರೆ? ಔಷಧದ ಚೀಟಿ ರೋಗಿಗೆ ತಿಳಿಯುವ ನುಡಿಯಲ್ಲಿರಬೇಕೆಂದು ಕೇಳುವ ನಾವು ಇದನ್ನೂ ಕೇಳಬೇಕು. ಮಹಾರಾಷ್ಟ್ರದಲ್ಲಿ ಅದು ಮರಾಠಿಯಲ್ಲಿ, ಕರ್ನಾಟಕದಲ್ಲಿ ಕನ್ನಡದಲ್ಲಿ, ಎಲ್ಲೆಡೆ ಚಾಲಕನ ನುಡಿಯಲ್ಲಿ ಇರಲಿ. ಭಾಷಾಭಿಮಾನದ ಮಾತು ಹಾಗಿರಲಿ, ಇಲ್ಲಿ ಪ್ರಾಣದ ಮಾತಿದೆ. ಈ ತಂತ್ರಾಂಶಗಳ ದೊಡ್ಡ ಪಾಲು ಬೆಂಗಳೂರಿನ ಕಚೇರಿಗಳಲ್ಲಿಯೇ ಸಿದ್ಧವಾಗುತ್ತಿರುವಾಗ ಕನ್ನಡದಲ್ಲಿ ಒಂದು ಎಚ್ಚರಿಕೆಯ ವಾಕ್ಯ ಮೂಡಿಸುವುದು ಅಸಾಧ್ಯವೆಂದರೆ ನಂಬಲಾಗದು.

ಯಂತ್ರದ್ವೇಷ ಈ ಬರಹದ ಉದ್ದೇಶವಲ್ಲ. ಬೆಂಗಳೂರಿನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ ತಯಾರಾಗಿ, 2022ರಿಂದ ಮುಂಬಯಿ ಮೆಟ್ರೋದ 2ಎ ಮತ್ತು 7ನೆಯ ಮಾರ್ಗಗಳಲ್ಲಿ ಓಡುತ್ತಿರುವ ರೈಲುಗಳು ಚಾಲಕನಿಲ್ಲದೆಯೂ ಓಡುವಂತೆ ರೂಪುಗೊಂಡವು. ದೆಹಲಿಯಲ್ಲಿ 2020ರ ಡಿಸೆಂಬರ್‌ನಿಂದಲೇ ಅಂಥ ಸಂಚಾರ ಆರಂಭವಾಯಿತು. ಅದಕ್ಕೆ ಯಾರೂ ಅಂಜಲಿಲ್ಲ, ಏಕೆಂದರೆ ಹಳಿಯ ಮೇಲೆ ಮತ್ತಾರಿಗೂ ಹಕ್ಕಿಲ್ಲ. ಏನಾದರೂ ಆದರೆ ಉತ್ತರಿಸಬೇಕಾದ ಸಂಸ್ಥೆ ಯಾವುದೆಂದು ಎಲ್ಲರಿಗೂ ಗೊತ್ತು. ರಸ್ತೆ ಹಾಗಲ್ಲ. ಅದು ಕಾರಿನವನಷ್ಟೇ ಕೂಲಿಯವನದೂ ಹೌದು. ಆದ್ದರಿಂದ ನಮ್ಮ ಒತ್ತಾಯಗಳು ಇವು: ಸಹಾಯಕವನ್ನು ಸ್ವಯಂಚಾಲಿತವೆಂದು ಕರೆದು ಮಾರುವುದಕ್ಕೆ ತಡೆ ಬೀಳಬೇಕು. ಯಂತ್ರದ ಪಾಲಿನ ಹೊಣೆಯನ್ನು ತಯಾರಕರ ಮೇಲೆ ಸ್ಪಷ್ಟವಾಗಿ ಹೊರಿಸುವ ಕಾನೂನು, ಅಂಥ ಕಾರುಗಳು ಹೆಚ್ಚುವ ಮೊದಲೇ ಬರಬೇಕು. ಅಪಘಾತದ ಗಳಿಗೆಯ ದಾಖಲೆ ಚಾಲಕನಿಗೂ ಗಾಯಾಳುವಿಗೂ ದೊರೆಯುವಂತಿರಬೇಕು. ಚಾಲಕರ ಸಂಘಟನೆಗಳನ್ನು ಮಾತುಕತೆಗೆ ಕರೆಯಬೇಕು. ಎಲ್ಲಕ್ಕಿಂತ ಮೊದಲು ನಾಕಾದಲ್ಲಿ ನಿಂತವನಿಗೆ ನಿಲ್ಲಲೊಂದು ಕಾಲುದಾರಿ ಬೇಕು. ಅದಕ್ಕೆ ಯಾವ ತಂತ್ರಾಂಶವೂ ಬೇಡ.

ಮಹಾಭಾರತದಲ್ಲಿ ರಥಿಕನಷ್ಟೇ ಸಾರಥಿಗೂ ಗೌರವವಿದೆ. ದಾರಿ ತಪ್ಪಿದರೆ ಕೇಳಲು ಒಬ್ಬನಿದ್ದಾನೆಂಬ ಭರವಸೆಯೂ ಆ ಗೌರವದೊಳಗೆ ಸೇರಿತ್ತು. ಇಂದು ಸಾರಥ್ಯ ಯಾರ ಕೈಗೆ ಹೋದರೂ ಆ ಪ್ರಶ್ನೆಗೆ ಉತ್ತರಿಸುವವರೊಬ್ಬರು ಇರಲೇಬೇಕು. ನಮ್ಮ ಬಳಗದಲ್ಲಿ ಕಾರು, ರಿಕ್ಷಾ, ಲಾರಿ, ಬಸ್ಸು ಓಡಿಸುವವರು, ಅವರ ಮನೆಯವರು ತಮ್ಮ ಅನುಭವಗಳನ್ನು ತಮ್ಮ ಊರಿನ ಆಡುಮಾತಿನಲ್ಲಿಯೇ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ಬರೆಯಲು ಬಾರದವರಿದ್ದರೆ ಹೇಳಲಿ, ನಾವು ಬರೆದುಕೊಳ್ಳುತ್ತೇವೆ. ಮುಂದಿನ ಸಂಚಿಕೆಯ ಕೆಲವು ಪುಟಗಳು ಅವರಿಗಾಗಿ ಮೀಸಲು.